ಜೈಲು ತಪಾಸಣೆ ಅಂದ್ರ ಸಾಂಬಾರ್ ರುಚಿ ನೋಡಿ ಬರೋದಷ್ಟೇ ಅಲ್ರಿ

ತಿಂಗಳಿಗೊಮ್ಮೆ ಇಲ್ಲಾ ಎರಡು ತಿಂಗಳಿಗೊಮ್ಮೆ ಪೇಪರ್‌ದಾಗ ಒಂದು ಫೋಟೋ ಬರೋದು ನೀವೂ ನೋಡಿರ್ತೀರಿ. ಜಡ್ಜ್ ಸಾಹೇಬ್ರೋ ಡಿಸಿ ಸಾಹೇಬ್ರೋ ಜೈಲಿನ ಅಡಗಿ ಮನ್ಯಾಗ ನಿಂತು ಚಮಚದಾಗ ಸಾಂಬಾರ್ ರುಚಿ ನೋಡ್ತಿರ್ತಾರ, ಬಾಜೂಕ ಸೂಪರಿಂಟೆಂಡೆಂಟ್ ಕೈ ಕಟ್ಕೊಂಡು ನಿಂತಿರ್ತಾರ, ಕೆಳಗ 'ಕಾರಾಗೃಹಕ್ಕೆ ಭೇಟಿ, ಪರಿಶೀಲನೆ' ಅಂತ ಎರಡು ಸಾಲು. ಅಲ್ಲಿಗೆ ಸುದ್ದಿ ಮುಗೀತು. ಏನು ಪರಿಶೀಲನೆ ಮಾಡಿದ್ರು, ಏನು ಸಿಕ್ತು, ಮುಂದ ಏನಾತು ಅಂತ ಯಾರೂ ಬರಿಯಂಗಿಲ್ಲ, ನಾವೂ ಕೇಳಂಗಿಲ್ಲ.

ನಾನು ಕೆಲವು ವರ್ಷದಿಂದ ಪ್ಯಾರಾ ಲೀಗಲ್ ವಾಲಂಟಿಯರ್ ಆಗಿ ಜೈಲಿನೊಳಗಿನ ಕಾನೂನು ನೆರವು ಕ್ಲಿನಿಕ್ಕಿಗೆ ಹೋಗಿ ಬರ್ತೀನಿ, ವಕೀಲ ಅಲ್ಲ, ಅಧಿಕಾರಿನೂ ಅಲ್ಲ, ಅರ್ಜಿ ಬರ್ಕೊಡೋದು, ಕೈದಿ ಮನಿಗೆ ಫೋನ್ ಮಾಡಿ ಹೇಳೋದು, ಇಂಥಾ ಕೆಲಸ. ಊರಾಗ ಮಂದಿ ಕೇಳ್ತಾರ, ಅಲ್ಲೋ ಜೈಲಿನೊಳಗ ಏನ್ ನಡೀತೈತಿ ಅಂತ ಯಾರರೆ ಹೋಗಿ ನೋಡ್ತಾರೋ ಇಲ್ಲೋ ಅಂತ. ನೋಡ್ತಾರ, ಭಾಳ ಮಂದಿ ನೋಡ್ತಾರ. ಆದ್ರ ನೋಡೋದು ಬ್ಯಾರೆ, ತಪಾಸಣೆ ಮಾಡೋದು ಬ್ಯಾರೆ. ಅದನ್ನ ಬಿಡಿಸಿ ಹೇಳೋಕಂತ ಇದನ್ನ ಬರೀಲಿಕ್ಕತ್ತೀನಿ.

ಮೊದಲು ನಮ್ಮ ಕಡೆ ಜೈಲು ಯಾವ್ಯಾವು ಅಂತ ನೋಡೋಣ. ಬೆಳಗಾವಿಗೆ ಹಿಂಡಲಗಾ ಕೇಂದ್ರ ಕಾರಾಗೃಹ, ಬ್ರಿಟಿಷರ ಕಾಲದ್ದು, 1923ರದ್ದು. ವಿಜಯಪುರಕ್ಕ ದರ್ಗಾ ಜೈಲು, ಅದೂ ಕೇಂದ್ರ ಕಾರಾಗೃಹನೇ. ಬಾಗಲಕೋಟೆಗೆ ಜಿಲ್ಲಾ ಕಾರಾಗೃಹ. ಕೇಂದ್ರ ಅಂದಕೂಡಲೇ ಇದು ದಿಲ್ಲಿ ಸರ್ಕಾರದ್ದು ಅಂತ ತಿಳ್ಕೊಳ್ಳೋರು ಅದಾರ, ಹಂಗಲ್ಲ. ಸಂವಿಧಾನದಾಗ ಜೈಲು ರಾಜ್ಯ ಪಟ್ಟಿಯಾಗ ಬರ್ತೈತಿ, ಎಲ್ಲಾ ನಡಸೋದು ನಮ್ಮ ರಾಜ್ಯ ಸರ್ಕಾರದ ಕಾರಾಗೃಹ ಇಲಾಖೆ. ಕೇಂದ್ರ ಕಾರಾಗೃಹ ಅಂದ್ರ ದೊಡ್ಡ ಜೈಲು, ಉದ್ದ ಶಿಕ್ಷೆ ಆದೋರನ್ನ ಇಡೋದು, ಅಷ್ಟ. ಖರೆ ಅಂದ್ರ ಅಲ್ಲೂ ಶಿಕ್ಷೆ ಆದೋರ ಜೋಡಿ ಕೇಸ್ ಇನ್ನೂ ನಡದಿರೋ ಮಂದಿ ಇರ್ತಾರ, ಇವರಿಗೆ ವಿಚಾರಣಾಧೀನ ಕೈದಿ ಅಂತಾರ. ಇಡೀ ದೇಶದ ಲೆಕ್ಕ ಹಿಡಿದ್ರ 2022ರ ಕೊನೆಗೆ ಜೈಲಿನೊಳಗ ಇದ್ದೋರು 5.73 ಲಕ್ಷ ಮಂದಿ, ಅದರಾಗ ನೂರಕ್ಕ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನರು, ಅಂದ್ರ ತಪ್ಪು ಮಾಡ್ಯಾರ ಅಂತ ಇನ್ನೂ ಯಾವ ಕೋರ್ಟೂ ಹೇಳಿಲ್ಲದೋರು. ನೂರು ಮಂದಿ ಇರೋ ಜಾಗದಾಗ 131 ಮಂದಿ ಇದ್ರು. ಈ 75 ಮತ್ತ 131, ಎರಡು ಅಂಕಿ ತಲ್ಯಾಗ ಇಟ್ಕೊಳ್ರಿ, ಮುಂದಿನ ಮಾತೆಲ್ಲಾ ಇದರ ಸುತ್ತಾನೇ ಬರ್ತೈತಿ.

ಈಗ ಯಾರ್ಯಾರು ಒಳಗ ಹೋಗಿ ನೋಡಬಹುದು ಅನ್ನೋದು. ಒಂದು, ಇಲಾಖೆಯವರೇ, ಬೆಂಗಳೂರಿನ ಕೇಂದ್ರ ಕಚೇರಿ ಸಾಹೇಬ್ರು, ಡಿಐಜಿ. ಅವರದು ಮನಿಯವರೇ ಮನಿ ನೋಡಿದಂಗ. ಹಂಗಂತ ಅದು ಕಡಿಮಿ ಅಂತಲ್ಲ, 2017ರಾಗ ಪರಪ್ಪನ ಅಗ್ರಹಾರದಾಗ ಕೆಲವರಿಗೆ ವಿಐಪಿ ಸವಲತ್ತು ಸಿಗ್ತಾವ ಅಂತ ವರದಿ ಬರೆದದ್ದು ಆವಾಗ ಕಾರಾಗೃಹ ಡಿಐಜಿ ಇದ್ದ ಡಿ. ರೂಪಾ ಅವರೇ, ಹೊರಗಿನೋರಲ್ಲ. ಆಮ್ಯಾಲ ಅವರನ್ನ ಅಲ್ಲಿಂದ ವರ್ಗಾ ಮಾಡಿದ್ರು ಅನ್ನೋದೂ ನೆನಪಿರ್ಲಿ.

ಇನ್ನೊಂದು ಸಂದರ್ಶಕರ ಮಂಡಳಿ, ಬೋರ್ಡ್ ಆಫ್ ವಿಸಿಟರ್ಸ್. ಇದು ಬಹಳ ಮಂದಿಗೆ ಗೊತ್ತಿಲ್ಲ. ಕೇಂದ್ರ ಗೃಹ ಇಲಾಖೆಯ 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ ಇದರಾಗ ಜಿಲ್ಲಾ ನ್ಯಾಯಾಧೀಶರು, ಡಿಸಿ, ಎಸ್‌ಪಿ, ಆರೋಗ್ಯ ಇಲಾಖೆಯ ಅಧಿಕಾರಿ, ಪಿಡಬ್ಲ್ಯುಡಿ ಇಂಜಿನಿಯರ್, ಶಿಕ್ಷಣ ಇಲಾಖೆ ಇವರೆಲ್ಲಾ ಇರಬೇಕು, ಅದರ ಜೋಡಿ ಎಂಎಲ್‌ಎಗಳು, ಸಮಾಜ ಸೇವಕರು ಅಂತ ಸರ್ಕಾರಿ ನೌಕರಿ ಅಲ್ಲದೋರೂ ಇರಬೇಕು. ಮೂರು ತಿಂಗಳಿಗೊಮ್ಮೆ ಆದ್ರೂ ಸೇರಬೇಕು. ಇಂಜಿನಿಯರ್ ಯಾಕ ಅಂತ ನಾನೂ ಮೊದಲು ನಕ್ಕಿದ್ದೆ, ಆಮ್ಯಾಲ ಗೊತ್ತಾತು, ಬ್ಯಾರಕ್ಕಿನ ಛತ್ತು ಸೋರಿದ್ರ ಎಸ್ಟಿಮೇಟ್ ಹಾಕೋನು ಅವನೇ, ಅವನು ಕಣ್ಣಾರೆ ನೋಡಲಿಲ್ಲಂದ್ರ ಆ ಫೈಲು ವರ್ಷಗಟ್ಟಲೆ ಮಲಗ್ತೈತಿ.

ಈ ಮಂಡಳಿಯ ಮೆಂಬರಿಗೆ ಎರಡು ದೊಡ್ಡ ಅಧಿಕಾರ ಅದಾವ. ಯಾವ ಕೈದಿನ್ನ ಬೇಕಾದ್ರೂ ಕರೆಸಿ, ಜೈಲು ಸಿಬ್ಬಂದಿ ಕಿವಿಗೆ ಬೀಳದಂಗ ಮಾತಾಡಬಹುದು. ಮತ್ತ ಜೈಲಿನ ಯಾವ ರಿಜಿಸ್ಟರ್ ಬೇಕಾದ್ರೂ ತೆಗಿಸಿ ನೋಡಬಹುದು, ಸೂಪರಿಂಟೆಂಡೆಂಟ್ ಕೊಡಂಗಿಲ್ಲ ಅಂದ್ರ ಯಾಕ ಕೊಡಂಗಿಲ್ಲ ಅಂತ ಕಾರಣ ಬರ್ದು ಇಡಬೇಕು. ಬಾಯಿಮಾತಿಲೆ ಇಲ್ಲ ಅನ್ನಂಗಿಲ್ಲ. ನನ್ನ ಕೇಳಿದ್ರ ತಪಾಸಣೆ ಅನ್ನೋದರ ಜೀವ ಇರೋದೇ ಈ ಎರಡರಾಗ. ಸಾಂಬಾರ್ ರುಚಿ ನೋಡೋಕ ಅಧಿಕಾರ ಏನೂ ಬೇಕಾಗಿಲ್ಲ.

ಇನ್ನ ಮಾನವ ಹಕ್ಕುಗಳ ಆಯೋಗ, ರಾಷ್ಟ್ರದ್ದೂ ರಾಜ್ಯದ್ದೂ. 2006ರಾಗ ಕಾಯ್ದೆ ತಿದ್ದುಪಡಿ ಆದಮ್ಯಾಲ ಇವರು ಜೈಲಿಗೆ ಬರೋಕ ಮೊದಲೇ ಸರ್ಕಾರಕ್ಕ ತಿಳಿಸಬೇಕು ಅನ್ನೋದು ಇಲ್ಲ, ಸೀದಾ ಗೇಟಿಗೆ ಬಂದು ನಿಲ್ಲಬಹುದು. ಜೈಲಿನಾಗ ಯಾರರೆ ಸತ್ರ 24 ತಾಸಿನೊಳಗ ರಾಷ್ಟ್ರೀಯ ಆಯೋಗಕ್ಕ ತಿಳಿಸಬೇಕು ಅನ್ನೋ ನಿಯಮ 1993ರಿಂದ ಐತಿ. ಆಮ್ಯಾಲ ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ, ಇವರೂ ಜಡ್ಜೇ, ಇವರ ಕೈಕೆಳಗ ನಮ್ಮಂಥ ವಾಲಂಟಿಯರ್ ಮಂದಿ. ಹೈಕೋರ್ಟ್ ಅಂದ್ರ ಬೆಳಗಾವಿ, ಬಾಗಲಕೋಟೆಗೆ ಧಾರವಾಡ ಪೀಠ, ವಿಜಯಪುರಕ್ಕ ಕಲಬುರಗಿ ಪೀಠ, ಇದನ್ನ ಗೊತ್ತಿಲ್ದ ವಿಜಯಪುರದ ಮಂದಿ ಧಾರವಾಡಕ್ಕ ಬಸ್ ಹತ್ತಿ ಹೋಗಿ ಖಾಲಿ ಕೈಲೆ ತಿರುಗಿ ಬಂದದ್ದು ನಾನೇ ನೋಡೀನಿ.

ಇಷ್ಟೆಲ್ಲಾ ಮಂದಿ ಅದಾರಲ್ಲ, ಮತ್ತ ತೊಂದ್ರೆ ಎಲ್ಲೈತಿ? ಅದಕ್ಕ ಒಳಗ ಹೋಗಿ ಏನು ನೋಡಬೇಕು ಅನ್ನೋದು ಮೊದಲು ತಿಳೀಬೇಕು.

ಒಂದು ಸಲ, ಯಾವ ಜೈಲು ಅಂತ ಕೇಳಬ್ಯಾಡ್ರಿ, ಸಾಹೇಬ್ರು ಬರ್ತಾರ ಅಂತ ಎರಡು ದಿನ ಮೊದಲೇ ಸುದ್ದಿ ಮುಟ್ಟಿತ್ತು. ನಾವು ಒಳಗ ಕಾಲಿಟ್ಟಕೂಡಲೇ ಹಸಿ ಸುಣ್ಣದ ವಾಸನಿ, ಗಟಾರದ ಬಾಜೂಕ ಬಿಳೇ ಬ್ಲೀಚಿಂಗ್ ಪೌಡರ್ ರಂಗೋಲಿ ಹಾಕಿದಂಗ ಗೆರಿ ಎಳೆದಿದ್ರು. ಅಡಗಿ ಮನ್ಯಾಗ ತಾಟು ಥಳಥಳ. ಎಲ್ಲಾ ಚಲೋ ಐತಿ ಅಂತ ತಿರುಗಿ ಹೊಂಟಿದ್ವಿ, ಒಬ್ಬ ಮುದುಕಪ್ಪ ಗ್ವಾಡಿಗೆ ಆತು ಕುಂತೋನು ಸಣ್ಣ ದನಿಲೆ ಅಂದ, ತಮ್ಮಾ, ರಾತ್ರಿದ್ದು ಯಾರು ನೋಡ್ತೀರೋ ಅಂತ. ಅಷ್ಟೇ ಅಂದದ್ದು. ನನಗ ಅರ್ಥ ಆಗೋಕ ಸ್ವಲ್ಪ ಹೊತ್ತು ಹಿಡೀತು. ಸಂಜಿ ಆರರ ಸುಮಾರಿಗೆ ಎಣಿಕಿ ಮಾಡಿ ಬ್ಯಾರಕ್ಕಿಗೆ ಕೀಲಿ ಬಿದ್ರ ಮುಂಜಾನಿ ತನಕ ತೆಗಿಯಂಗಿಲ್ಲ. ಹಗಲ ಅಂಗಳದಾಗಿನ ಸಂಡಾಸ ಎಷ್ಟ ಇದ್ರೂ ರಾತ್ರಿ ಅವನಿಗೆ ಸಿಗೋದು ಬ್ಯಾರಕ್ಕಿನೊಳಗಿನ ಮೂಲ್ಯಾಗಿಂದಷ್ಟ. ಕೈಪಿಡಿಯಾಗ ಹಗಲಿಗೆ ಆರು ಮಂದಿಗೊಂದು, ರಾತ್ರಿಗೆ ಬ್ಯಾರಕ್ಕಿನೊಳಗ ಹತ್ತು ಮಂದಿಗೊಂದು ಸಂಡಾಸ ಇರಬೇಕು ಅಂತ ಐತಿ. ಹಗಲ ಹನ್ನೊಂದಕ್ಕ ಹೋಗಿ ನೋಡೋ ಸಾಹೇಬ್ರಿಗೆ ರಾತ್ರಿ ಎರಡು ಗಂಟೆಕ್ಕ ಅಲ್ಲಿ ನಿಲ್ಲೋ ಪಾಳಿ ಕಾಣಂಗಿಲ್ಲ. ಅದನ್ನ ಕಾಣಬೇಕಂದ್ರ ಎಣಿಸಬೇಕು, ಒಳಗ ಎಷ್ಟ ಹಾಸಿಗಿ, ಎಷ್ಟ ಸಂಡಾಸ, ಎಷ್ಟರಾಗ ನೀರು ಬರ್ತೈತಿ, ಬಾಗಲಾ ಇದಾವೋ ಇಲ್ಲೋ.

ಜಾಗದ್ದೂ ಹಂಗ. ಬ್ಯಾರಕ್ಕಿನಾಗ ಒಬ್ಬೊಬ್ಬರಿಗೆ 3.71 ಚದರ ಮೀಟರ್ ನೆಲ ಬೇಕು ಅಂತ ಐತಿ, ಅಂದ್ರ ಸುಮಾರು 40 ಚದರ ಅಡಿ, ನಮ್ಮ ಮನ್ಯಾಗಿನ ಡಬಲ್ ಮಂಚದಷ್ಟು. ನೀರು ಒಬ್ಬರಿಗೆ ದಿನಕ್ಕ 135 ಲೀಟರ್, ಹದಿನೈದು ಲೀಟರಿನ ಕೊಡ ಹಿಡಿದ್ರ ಒಂಬತ್ತು ಕೊಡ. ಬ್ಯಾಸಗಿಯಾಗ ನಮ್ಮ ಮನಿಗೇ ಒಂಬತ್ತು ಕೊಡ ಬರಂಗಿಲ್ಲ ಅಂತ ನಗಬ್ಯಾಡ್ರಿ, ನಾವು ಟ್ಯಾಂಕರ್ ತರಸ್ತೀವಿ, ಬೀಗರ ಮನಿಗೆ ಹೋಗ್ತೀವಿ, ಅವನು ಎಲ್ಲಿಗೂ ಹೋಗಂಗಿಲ್ಲ. ಅದಕ್ಕ ಬರೇ ಟ್ಯಾಂಕ್ ಎಷ್ಟ ದೊಡ್ಡದು ಅಂತ ಕೇಳಿ ಬಿಡಬಾರದು, ನಳ ತಿರುವಿ ನೋಡಬೇಕು, ನೀರು ಎಷ್ಟು ಗಂಟೆಯಿಂದ ಎಷ್ಟು ಗಂಟೆ ತನಕ ಬರ್ತೈತಿ ಅಂತ ಕೈದಿಗೇ ಕೇಳಬೇಕು.

ಊಟದ್ದು ರುಚಿಗಿಂತ ತೂಕ ಮುಖ್ಯ. ತಲಾ ಇಷ್ಟು ಗ್ರಾಂ ಅಕ್ಕಿ, ಇಷ್ಟು ಗ್ರಾಂ ಬ್ಯಾಳಿ ಅಂತ ನಿಯಮದಾಗ ಇರ್ತೈತಿ. ಇವತ್ತು ಮುಂಜಾನಿ ಎಷ್ಟ ಮಂದಿ ಇದ್ರು ಅನ್ನೋದು ಗೇಟಿನ ಬಾಜೂಕಿನ ಬೋರ್ಡಿನ್ಯಾಗ ಬರ್ದಿರ್ತಾರ, ಆ ಎಣಿಕಿನ್ನ ಈ ಗ್ರಾಂ ಲೆಕ್ಕಕ್ಕ ಗುಣಿಸಿದ್ರ ಇವತ್ತು ಸ್ಟೋರಿನಿಂದ ಎಷ್ಟ ಬ್ಯಾಳಿ ಹೋಗಬೇಕಿತ್ತು ಅಂತ ಗೊತ್ತಾಗ್ತೈತಿ, ಖರೇನ ಎಷ್ಟ ಹೋಗೈತಿ ಅನ್ನೋದು ಸ್ಟೋರಿನ ರಿಜಿಸ್ಟರಿನಾಗ ಇರ್ತೈತಿ, ಎರಡನ್ನೂ ಜೋಡಿಸಿ ನೋಡಬೇಕು. ಹತ್ತು ನಿಮಿಷದ ಕೆಲಸ. ಚಮಚದಿಂದ ಇದು ಗೊತ್ತಾಗಂಗಿಲ್ಲ.

ದವಾಖಾನಿ. ಇಲ್ಲಿ ನೋಡಬೇಕಾದ್ದು ಗುಳಿಗಿ ಕಪಾಟಲ್ಲ, ಹೊರಗಿನ ಆಸ್ಪತ್ರಿಗೆ ಕಳಿಸ್ರಿ ಅಂತ ಡಾಕ್ಟರ್ ಬರೆದ ದಿನಕ್ಕೂ ಖರೇನ ಕಳಿಸಿದ ದಿನಕ್ಕೂ ಎಷ್ಟ ಅಂತರ ಐತಿ ಅನ್ನೋದು. ಯಾಕಂದ್ರ ಕೈದಿನ್ನ ಹೊರಗ ಕರ್ಕೊಂಡು ಹೋಗೋರು ಜೈಲಿನೋರಲ್ಲ, ಸಶಸ್ತ್ರ ಮೀಸಲು ಪೊಲೀಸರು, ಬೆಳಗಾವಿ ಸಿಟಿಯಾಗ ಸಿಎಆರ್, ಜಿಲ್ಲಾದಾಗ ಡಿಎಆರ್. ಅವರಿಗೆ ಬಂದೋಬಸ್ತ್ ಇದ್ರ, ಬೆಳಗಾವಿಯಾಗ ಅಧಿವೇಶನ ಇದ್ರ, ಗಣಪತಿ ವಿಸರ್ಜನೆ ಇದ್ರ, ಎಸ್ಕಾರ್ಟ್ ಸಿಗಂಗಿಲ್ಲ. ಕೋರ್ಟಿನ ತಾರೀಖಿಗೆ ವಿಡಿಯೋ ಕಾನ್ಫರೆನ್ಸ್ ಐತಿ, ಹಲ್ಲು ಕೀಳೋಕ ವಿಡಿಯೋ ಇಲ್ಲಲ್ರಿ.

ಇನ್ನ ದೂರಿನ ಪೆಟ್ಟಿಗಿ. 1979ರ ಸುನಿಲ್ ಬಾತ್ರಾ ಕೇಸಿನಾಗ ಇದನ್ನ ಇಡ್ರಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು, ತಿಹಾರ್ ಜೈಲಿನಿಂದ ಒಬ್ಬ ಕೈದಿ ಬರೆದ ಪತ್ರಾನೇ ರಿಟ್ ಅರ್ಜಿ ಅಂತ ತಗೊಂಡಿದ್ರು. ಪೆಟ್ಟಿಗಿ ಇಡೋದು, ತೆಗಿಯೋದು ಜಿಲ್ಲಾ ಮ್ಯಾಜಿಸ್ಟ್ರೇಟರು, ಸೆಷನ್ಸ್ ಜಡ್ಜರ ಕೆಲಸ, ಜೈಲಿನೋರದಲ್ಲ. ಅದಕ್ಕ ಒಳಗ ಹೋದೋರು ಕೇಳಬೇಕಾದ್ದು ಒಂದೇ ಪ್ರಶ್ನೆ, ಇದರ ಚಾವಿ ಯಾರ ಕಡೆ ಐತಿ? ಚಾವಿ ಜೇಲರ್ ಸಾಹೇಬ್ರ ಡ್ರಾವರ್‌ದಾಗ ಇದ್ರ ಆ ಪೆಟ್ಟಿಗಿ ಬರೇ ಗ್ವಾಡಿ ಅಲಂಕಾರ.

ಹೊಸದೊಂದು ಕೆಲಸ 2024ರ ಅಕ್ಟೋಬರ್ 3ಕ್ಕ ಸೇರ್ಕೊಂಡೈತಿ. ಸುಕನ್ಯಾ ಶಾಂತಾ ಅನ್ನೋ ಪತ್ರಕರ್ತೆ ಹಾಕಿದ ಕೇಸಿನಾಗ ಸುಪ್ರೀಂ ಕೋರ್ಟ್, ಜಾತಿ ನೋಡಿ ಸಂಡಾಸ ತೊಳಿಯೋ ಕೆಲಸ ಇವರಿಗೆ, ಅಡಗಿ ಕೆಲಸ ಅವರಿಗೆ ಅಂತ ಹಂಚೋದು ಸಂವಿಧಾನಕ್ಕ ವಿರುದ್ಧ ಅಂತ ಹೇಳಿ ಕೈದಿಗಳ ರಿಜಿಸ್ಟರಿನಾಗ ಜಾತಿ ಕಾಲಂನೇ ಅಳಸ್ರಿ ಅಂತು. ಅಷ್ಟಕ್ಕ ಬಿಡಲಿಲ್ಲ, ಕಾನೂನು ಸೇವಾ ಪ್ರಾಧಿಕಾರ ಮತ್ತ ಸಂದರ್ಶಕರ ಮಂಡಳಿ ಎರಡೂ ಸೇರಿ ಹೋಗಿ ಇದು ನಿಂತೈತೋ ಇಲ್ಲೋ ಅಂತ ಆಗಾಗ ತಪಾಸಣೆ ಮಾಡಬೇಕು ಅಂತನೂ ಹೇಳ್ತು. ಅಂದ್ರ ಇನ್ನ ಮ್ಯಾಲ ಅಡಗಿ ಮನ್ಯಾಗ ಸಾಂಬಾರ್ ನೋಡೋರು ಸೌಟು ಹಿಡಿದೋನು ಯಾರು, ಪೊರಕಿ ಹಿಡಿದೋನು ಯಾರು ಅಂತನೂ ನೋಡಬೇಕು.

ಇಷ್ಟ ಹೊತ್ತು ಹೇಳಿದ್ದು ಕಟ್ಟಡ, ನೀರು, ಊಟ. ನಡಸೋದರ ವಿಷಯಕ್ಕ ಬಂದ್ರ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಒಳಗ ಇರಬಾರದೋರು ಎಷ್ಟ ಮಂದಿ ಒಳಗ ಅದಾರ ಅನ್ನೋದು. ಮೊಬೈಲ್ ಸಿಕ್ಕಿದ್ರ ಟಿವಿಯಾಗ ಬರ್ತೈತಿ, 2023ರ ಜನವರಿಯಾಗ ನಾಗಪುರದಾಗಿನ ಸಚಿವ ನಿತಿನ್ ಗಡ್ಕರಿ ಅವರ ಆಫೀಸಿಗೆ ಬೆದರಿಕಿ ಫೋನ್ ಹೋಗಿ, ಅದರ ಜಾಡು ಹಿಡಿದು ಪೊಲೀಸರು ಹಿಂಡಲಗಾಕ್ಕ ಬಂದಾಗ ವಾರಗಟ್ಟಲೆ ಅದೇ ಸುದ್ದಿ. ಅದು ಸಣ್ಣ ವಿಷಯ ಅಂತಲ್ಲ, ಆದ್ರ ಜಾಮೀನು ಸಿಕ್ಕಮ್ಯಾಲೂ ಒಳಗೇ ಕುಂತ ಮನಷ್ಯಾನ ಬಗ್ಗೆ ಯಾವ ಟಿವಿಯೂ ಹೇಳಂಗಿಲ್ಲ.

ನಮ್ಮ ಕ್ಲಿನಿಕ್ಕಿಗೆ ಹಂಗೊಬ್ಬ ಬಂದಿದ್ದ, ಕಬ್ಬು ಕಡಿಯೋ ಗ್ಯಾಂಗಿನ ಹುಡುಗ, ಬ್ಯಾರೆ ಜಿಲ್ಲಾದೋನು. ಕಾಲಾಗ ಚಪ್ಪಲಿ ಇಲ್ಲ, ಕೈಯಾಗ ನಾಲ್ಕು ಮಡಿಕಿ ಮಾಡಿದ ಜಾಮೀನು ಆದೇಶದ ಜೆರಾಕ್ಸ್. ಜಾಮೀನು ಆಗಿ ಎರಡು ತಿಂಗಳಾಗಿತ್ತು. ಮತ್ತ್ಯಾಕೋ ಇಲ್ಲೇ ಅದಿ ಅಂದ್ರ, ಅಣ್ಣಾ ಉತಾರ ಇದ್ದೋರು ಯಾರೂ ಜಾಮೀನು ಆಗೋಕ ಬರವಲ್ರು ಅಂದ. ನಮ್ಮ ಕಡೆ ಶ್ಯೂರಿಟಿ ಅಂದ್ರ ಹೊಲದ ಉತಾರ ಹಿಡ್ಕೊಂಡು ಕೋರ್ಟಿಗೆ ಬರೋ ಮನಷ್ಯಾ ಬೇಕು, ಹೊಲ ಇಲ್ಲದ ಗ್ಯಾಂಗಿನ ಹುಡುಗಗ ಉತಾರ ಇದ್ದ ಗೆಳೆಯ ಎಲ್ಲಿಂದ ಬರಬೇಕು? ಸುಪ್ರೀಂ ಕೋರ್ಟ್ 2023ರ ಜನವರಿಯಾಗ ಇದಕ್ಕಂತನೇ ನಿಯಮ ಮಾಡೈತಿ, ಜಾಮೀನು ಸಿಕ್ಕು ಏಳು ದಿನದಾಗ ಬಿಡುಗಡೆ ಆಗಲಿಲ್ಲಂದ್ರ ಜೈಲು ಸೂಪರಿಂಟೆಂಡೆಂಟ್ ಕಾನೂನು ಸೇವಾ ಪ್ರಾಧಿಕಾರಕ್ಕ ತಿಳಿಸಬೇಕು, ಒಂದು ತಿಂಗಳಾದ್ರೂ ಬಾಂಡ್ ಕೊಡೋಕ ಆಗಲಿಲ್ಲಂದ್ರ ಕೋರ್ಟು ತಾನೇ ಕೈಗೆ ತಗೊಂಡು ಷರತ್ತು ಸಡಿಲ ಮಾಡಬಹುದೇನು ಅಂತ ನೋಡಬಹುದು. ಬಡ ಕೈದಿಗಳಿಗೆ ಜಾಮೀನಿಗೆ, ದಂಡಕ್ಕ ರೊಕ್ಕ ಕೊಡೋ ಕೇಂದ್ರದ ಯೋಜನೆನೂ 2023ರಿಂದ ಐತಿ, ಶುರು ಆದಾಗ ಜಾಮೀನಿಗೆ 40,000 ರೂಪಾಯಿ ತನಕ, ದಂಡಕ್ಕ 25,000 ತನಕ ಇತ್ತು. ಎಲ್ಲಾ ಐತಿ, ಆದ್ರ ಅವನ ಹೆಸರು ಯಾವ ಪಟ್ಟಿಯಾಗೂ ಇರಲಿಲ್ಲ. ಯಾಕಿಲ್ಲ ಅಂದ್ರ ಯಾರೂ ಪಟ್ಟಿ ಕೇಳಿರಲಿಲ್ಲ, ಅಷ್ಟ.

ಇದರ ಜೋಡಿನೇ ಇನ್ನೊಂದು ಕಮಿಟಿ ಐತಿ, ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿ, ಜಿಲ್ಲಾ ಜಡ್ಜ್, ಡಿಸಿ, ಎಸ್‌ಪಿ, ಕಾನೂನು ಸೇವಾ ಕಾರ್ಯದರ್ಶಿ, ಜೈಲು ಸೂಪರಿಂಟೆಂಡೆಂಟ್ ಸೇರಿ ಪ್ರತಿ ಕೈದಿ ಎಷ್ಟ ದಿನದಿಂದ ಅದಾನ ಅಂತ ಲೆಕ್ಕ ಹಾಕೋದು. 2024ರ ಜುಲೈ 1ರಿಂದ ಬಂದ ಹೊಸ ಕಾನೂನು, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಒಂದು ಅಪರಾಧಕ್ಕ ಎಷ್ಟ ಹೆಚ್ಚಿನ ಶಿಕ್ಷೆ ಐತೋ ಅದರ ಅರ್ಧ ಒಳಗ ಕಳೆದ ವಿಚಾರಣಾಧೀನಗ ಜಾಮೀನು, ಮೊದಲ ಸಲದೋನು, ಅಂದ್ರ ಹಿಂದ ಯಾವ ಕೇಸಿನಾಗೂ ಶಿಕ್ಷೆ ಆಗಿರದೋನು ಆದ್ರ ಮೂರನೇ ಒಂದು ಪಾಲಿಗೇ. ಸಾದಾ ಕಳವಿಗೆ ಹೆಚ್ಚಂದ್ರ ಮೂರು ವರ್ಷ, ಅಂದ್ರ ಮೊದಲ ಸಲದೋನು ಒಂದು ವರ್ಷ ಆದಕೂಡಲೇ ಹೊರಗ ಬರಬೇಕು. ಮರಣದಂಡನೆ, ಜೀವಾವಧಿ ಬರೋ ಕೇಸಿಗೆ ಇದು ಇಲ್ಲ, ಒಂದಕ್ಕಿಂತ ಹೆಚ್ಚು ಕೇಸ್ ಇದ್ದೋರಿಗೂ ಇಲ್ಲ. ಕೈದಿ ಅರ್ಜಿ ಹಾಕೋತನಾ ಕಾಯಬೇಕಾಗಿಲ್ಲ, ದಿನ ತುಂಬಿದಕೂಡಲೇ ಕೋರ್ಟಿಗೆ ಬರಿಯೋದು ಸೂಪರಿಂಟೆಂಡೆಂಟರ ಜವಾಬ್ದಾರಿ. ಅದಕ್ಕ ತಪಾಸಣೆಗೆ ಹೋದೋರು ಒಂದು ಹಾಳಿ ಕೇಳಿದ್ರ ಸಾಕು, ಯಾರ್ಯಾರದು ದಿನ ತುಂಬೈತಿ, ಯಾರ್ಯಾರದು ಅರ್ಜಿ ಹೋಗೈತಿ. ಜೈಲು ತುಂಬಿ ತುಳುಕೋದಕ್ಕ ಹೊಸ ಬ್ಯಾರಕ್ ಕಟ್ಟೋಕಿಂತ ಈ ಹಾಳಿ ಸೋವಿ.

ಈಗ ನಾನು ಮೊದಲಿನಿಂದ ಹೇಳಬೇಕಂತಿದ್ದದ್ದಕ್ಕ ಬರ್ತೀನಿ, ವಿಸಿಟರ್ಸ್ ಬುಕ್. ಭೇಟಿ ಕೊಟ್ಟೋರು ಹೋಗೋಕ ಮೊದಲು ಅದರಾಗ ಬರೀಬೇಕು, ಬರೆದದ್ದು ಇಲಾಖೆ ಮುಖ್ಯಸ್ಥರಿಗೆ ಹೋಗಬೇಕು, ಅವರು ಕೊಟ್ಟ ಆದೇಶದ ಪ್ರತಿ ಬರೆದೋರಿಗೆ ತಿರುಗಿ ಬರಬೇಕು. ಒಮ್ಮೆ ನಮ್ಮ ಜೋಡಿ ಬಂದ ಸಾಹೇಬ್ರು ಬರಿಯೋಕ ಮೊದಲು ಹಿಂದಿನ ಹಾಳಿ ತಿರುವಲಿಕ್ಕತ್ರು, ನಾನೂ ಬಗ್ಗಿ ನೋಡಿದೆ. 'ಎಲ್ಲವೂ ತೃಪ್ತಿಕರವಾಗಿದೆ'. ಅದರ ಹಿಂದಿನ ಹಾಳಿ, 'ಸ್ವಚ್ಛತೆ ಉತ್ತಮವಾಗಿದೆ, ತೃಪ್ತಿಕರ'. ಅದರ ಹಿಂದ, ಮತ್ತ ತೃಪ್ತಿಕರ. ನಡುವ ಒಂದು ಹಾಳಿಯಾಗ ಯಾರೋ ಪುಣ್ಯಾತ್ಮರು ಇಂಥಾ ಬ್ಯಾರಕ್ಕಿನ ಎರಡು ನಳ ಕೆಟ್ಟಾವ, ಹೆಣ್ಣುಮಕ್ಕಳ ಕಡೆ ಸಂಡಾಸಕ್ಕ ಬಾಗಲಾ ಇಲ್ಲ, ಮುಂದಿನ ಭೇಟಿಯಾಗ ನೋಡ್ತೀನಿ ಅಂತ ಬರ್ದಿದ್ರು. ಅದೇ ಅಕ್ಷರದ ಮುಂದಿನ ಭೇಟಿ ಆ ಬುಕ್ಕಿನಾಗ ಇರಲೇ ಇಲ್ಲ, ವರ್ಗಾ ಆಗಿರಬೇಕು. ನಮ್ಮ ಸಾಹೇಬ್ರು ಎದ್ದು ಹೋಗಿ ಆ ನಳ ತಿರುವಿದ್ರು. ಒಂದು ಬಂತು, ಒಂದು ಬರಲಿಲ್ಲ. ಬಾಗಲಾ ಮಾತ್ರ ಹಚ್ಚಿದ್ರು.

ಇಲ್ಲಿ ಅಮೆರಿಕಾದ ಕ್ಯಾಲಿಫೋರ್ನಿಯಾದ ಒಂದು ಪದ್ಧತಿ ನೆನಪಾಗ್ತೈತಿ. ಅಲ್ಲಿ ಪ್ರತಿ ಕೌಂಟಿಯಾಗ, ಅಂದ್ರ ನಮ್ಮ ಜಿಲ್ಲಾದಂಥಾದ್ದರಾಗ, ಗ್ರ್ಯಾಂಡ್ ಜ್ಯೂರಿ ಅಂತ ಇರ್ತೈತಿ, ಬಹುತೇಕ ಕಡೆ 19 ಮಂದಿ, ಸಾದಾ ಊರ ಮಂದಿನೇ. ತಮ್ಮ ಕೌಂಟಿಯೊಳಗಿನ ಜೈಲುಗಳ ಸ್ಥಿತಿ ಹೆಂಗೈತಿ, ಹೆಂಗ ನಡಸ್ತಾರ ಅಂತ ವಿಚಾರಿಸೋದು ಕಾನೂನಿನ ಪ್ರಕಾರ ಇವರ ಕೆಲಸ. ವರದಿ ಜನರ ಮುಂದ ಬರ್ತೈತಿ, ಅದರಾಗ ಹೇಳಿದ್ದಕ್ಕ ಜೈಲು ನಡಸೋ ಶೆರಿಫ್ 60 ದಿನದಾಗ, ಕೌಂಟಿ ಆಡಳಿತ 90 ದಿನದಾಗ ಬರವಣಿಗಿಲೆ ಉತ್ತರ ಕೊಡಬೇಕು, ಒಪ್ತೀವಿ ಇಲ್ಲಾ ಒಪ್ಪಂಗಿಲ್ಲ, ಮಾಡ್ತೀವಿ ಇಲ್ಲಾ ಮಾಡಂಗಿಲ್ಲ, ಯಾಕ. ಅಲ್ಲಿನ ಜೈಲು ಸ್ವರ್ಗ ಅಂತ ನಾನು ಹೇಳಂಗಿಲ್ಲ, ಆ 60 ದಿನ ಅನ್ನೋದು ಮಾತ್ರ ನನಗ ಹೊಟ್ಟಿಕಿಚ್ಚು. ನಮ್ಮ ಕಡೆ ನೋಡೋರು ಹೆಚ್ಚೇ ಅದಾರ, ಬರೆದದ್ದಕ್ಕ ಇಷ್ಟು ದಿನದಾಗ ಉತ್ತರ ಕೊಡ್ರಿ ಅಂತ ಹಿಡಿಯೋ ತಾರೀಖೇ ಇಲ್ಲ.

ಸಾದಾ ಮಂದಿ ಏನು ಮಾಡಬಹುದು ಅಂದ್ರ, ಸಂದರ್ಶಕರ ಮಂಡಳಿ ಕಳೆದ ಒಂದು ವರ್ಷದಾಗ ಎಷ್ಟ ಸಲ ಸೇರೈತಿ, ವಿಸಿಟರ್ಸ್ ಬುಕ್ಕಿನಾಗ ಏನು ಬರ್ದಾರ, ಅದಕ್ಕ ಏನು ಆದೇಶ ಆಗೈತಿ ಅಂತ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಾಗ ಕೇಳಬಹುದು, 30 ದಿನದಾಗ ಉತ್ತರ ಬರಬೇಕು. ಕೈದಿ ಹೆಸರು ಕೇಳಬ್ಯಾಡ್ರಿ, ಅದು ಕೊಡಂಗಿಲ್ಲ, ಭದ್ರತಾ ವಿಷಯ ಕೇಳಿದ್ರೂ ಕೊಡಂಗಿಲ್ಲ, ನಳ, ಸಂಡಾಸ, ಮೀಟಿಂಗಿನ ತಾರೀಖು ಕೇಳ್ರಿ. ಇನ್ನ ನಿಮ್ಮ ಪೈಕಿ ಯಾರರೆ ಒಳಗ ಇದ್ದು ಜಾಮೀನು ಆಗಿಯೂ ಹೊರಗ ಬರದೇ ಇದ್ರ 15100ಕ್ಕ ಫೋನ್ ಹಚ್ರಿ, ರೊಕ್ಕ ಬೀಳಂಗಿಲ್ಲ, ಇಲ್ಲಾಂದ್ರ ಕೋರ್ಟ್ ಆವರಣದಾಗಿನ ಕಾನೂನು ಸೇವಾ ಪ್ರಾಧಿಕಾರದ ಆಫೀಸಿಗೆ ಸೀದಾ ಹೋಗ್ರಿ. ಹೋಗುವಾಗ ಕೈದಿ ಹೆಸರು, ಅವರ ಅಪ್ಪನ ಹೆಸರು, ಪೊಲೀಸ್ ಠಾಣೆ ಮತ್ತ ಕ್ರೈಂ ನಂಬರ್, ಯಾವ ಕೋರ್ಟಿನಾಗ ಕೇಸ್ ಐತಿ ಅನ್ನೋದು ಒಂದು ಚೀಟಿಯಾಗ ಬರ್ಕೊಂಡು ಹೋಗ್ರಿ, ಅರ್ಧ ದಿನ ಉಳೀತೈತಿ.